ಹಾಡು ನಿಂತಾಗ ಕೂಸು ಏನು ಮಾಡುತ್ತದೆ

ನನ್ನ ಹಳೆಯ ನೋಟ್‌ಬುಕ್ಕಿನ ಪ್ರಕಾರ, ಕೂಲಿಯವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಆ ಕೂಸಿನ ಮನೆಯಲ್ಲಿ ಹದಿನಾಲ್ಕು ಮಕ್ಕಳಿದ್ದವು. ನನ್ನ ನೆನಪಿನ ಪ್ರಕಾರ ಹದಿನಾರು. ನೋಟ್‌ಬುಕ್ ಬರೆದವನು ನಾನೇ, ನೆನಪೂ ನನ್ನದೇ. ಎರಡರಲ್ಲಿ ಯಾವುದನ್ನು ನಂಬಬೇಕೆಂದು ಇವತ್ತಿಗೂ ತಿಳಿಯದು. ಅಳುವಿನ ಸದ್ದು ನೆನೆಸಿಕೊಂಡರೆ ಹದಿನಾರೂ ಕಡಿಮೆಯೇ ಅನ್ನಿಸುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಆಂಧ್ರದ ಆದೋನಿಯಲ್ಲಿ, ಹತ್ತಿಯಿಂದ ಕಾಳು ಬೇರ್ಪಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯ ಹಿಂದೆ, ತಗಡಿನ ಮಾಡಿನ ಕೆಳಗೆ, ಊರಿನ ಒಂದು ಸಮಿತಿ ಆ ಕೂಸಿನ ಮನೆಯನ್ನು ನಡೆಸುತ್ತಿತ್ತು. ಹತ್ತಿ ಆರಿಸುವ ಹೆಂಗಸರು ಬೆಳಿಗ್ಗೆ ಸೈರನ್ ಕೂಗುವ ಮೊದಲು ಮಕ್ಕಳನ್ನು ಅಲ್ಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಐದು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳು. ಹಾಲು, ಗಂಜಿ, ನಿದ್ದೆಗಳ ನಡುವೆ ದಿನಕ್ಕೆ ಅರ್ಧ ತಾಸು ಸಂಗೀತದ ಕ್ಲಾಸು. ಇನ್ನೂ ಕೂರಲು ಬಾರದ ಕೂಸಿಗೆ ಸಂಗೀತದ ಕ್ಲಾಸು ಎಂದು ಮೊದಲ ಸಲ ಕೇಳಿದಾಗ ನಾನು ನಕ್ಕಿದ್ದೆ.

ನಗುವ ಅರ್ಹತೆ ನನಗಿದೆ ಎಂದು ಆಗ ನಂಬಿದ್ದೆ. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿ, ಎರಡು ಕಡೆ ಕೆಲಸಕ್ಕೆ ಸೇರಿ, ಎರಡೂ ಕಡೆ ಬಿಟ್ಟು ಬಂದಿದ್ದೆ. "ನಮ್ಮ ಹುಡುಗ ಆರು ತಿಂಗಳ ಗಿರಾಕಿ" ಎಂದು ನನ್ನ ತಂದೆ ಬಂದವರಿಗೆಲ್ಲ ಹೇಳುತ್ತಿದ್ದ ಕಾಲ. ಸಮಿತಿಯ ಅಧ್ಯಕ್ಷರು ಕನ್ನಡ ಶಾಲೆಯ ನಿವೃತ್ತ ಹೆಡ್‌ಮಾಸ್ಟರು. ಅವರು ನನ್ನನ್ನು ಕರೆಸಿದ್ದೇ ಯಾವುದನ್ನೂ ನಂಬದ ಮನುಷ್ಯ ಎಂಬ ನನ್ನ ಹೆಸರು ಕೇಳಿ.

"ನಡೆಯಾಕ ಬರದ ಕೂಸಿಗೆ ಹಾಡು ಕೇಳಿಸಿದ್ರ ಏನ್ ಬರ್ತೈತ್ರಿ? ಆ ಅರ್ಧ ತಾಸು ಅಕ್ಷರ ತಿದ್ದಿಸಿದ್ರ ಆಗಂಗಿಲ್ಲೇನು?" ಎಂದರು.

"ನಡೆಯಾಕ ಬರದ ಕೂಸಿಗೆ ಅಕ್ಷರಾನೂ ಬರಂಗಿಲ್ಲ, ಸರ್."

"ಅದಕ್ಕ ಅಲ್ಲೇನು ನಿಮ್ಮನ್ನ ಕರೆಸಿದ್ದು. ಪರೀಕ್ಷೆ ಮಾಡ್ರಿ. ಮೂರು ತಿಂಗಳು ಟೈಮು. ಉಪಯೋಗ ಐತಿ ಅಂತ ಬರದ್ರ ನಡೀಲಿ. ಇಲ್ಲ ಅಂದ್ರ ಹಾಡು ಬಂದ್, ಪಲಕ ಚಾಲೂ."

ಪಲಕ ಎಂದರೆ ಸ್ಲೇಟು. ನಮ್ಮ ಕಡೆ ತೆಲುಗಿನ ಆ ಮಾತೇ ಬಳಕೆ.

ಕ್ಲಾಸು ನಡೆಸುತ್ತಿದ್ದವರು ಐವತ್ತರ ಆಸುಪಾಸಿನ ಟೀಚರಮ್ಮ. ವೈಷ್ಣವ ಅರ್ಚಕರ ಮನೆಯ ಸೊಸೆ. ಚಿಕ್ಕಂದಿನಲ್ಲಿ ತಂದೆಯಿಂದ ಹಾಡು ಕಲಿತು, ನಂತರ ಮೂವತ್ತು ವರ್ಷ ಅಡಿಗೆ ಮನೆಯಲ್ಲಷ್ಟೇ ಹಾಡಿಕೊಂಡಿದ್ದವರು. ಜಿನ್ನಿನ ಹಿಂದೆ ಹೋಗಿ ಕೂಲಿಯವರ ಮಕ್ಕಳಿಗೆ ಹಾಡುತ್ತೇನೆ ಎಂದಾಗ ಅವರ ಭಾವನವರು ಒಂದು ವಾರ ಮಾತು ಬಿಟ್ಟಿದ್ದರಂತೆ. ಮೊದಲ ದಿನವೇ ಅವರು ನನಗೆ ಸ್ಪಷ್ಟ ಮಾಡಿದರು: "ನೋಡಪ್ಪಾ, ನೀವು ಬಂದದ್ದು ಯಾತಕ್ಕ ಅಂತ ನನಗ ಗೊತ್ತದ. ಈ ಬಾಗಿಲು ಮುಚ್ಚಿದ್ರ ನನಗ ಇನ್ನೊಂದು ಬಾಗಿಲು ಇಲ್ಲ. ಆದ್ರೂ ನೀವು ಕಂಡದ್ದನ್ನೇ ಬರೀರಿ. ಸುಳ್ಳು ಬ್ಯಾಡ."

ಕಂಡದ್ದನ್ನು ಬರೆಯಲು ನಾನು ಒಂದು ಫಾರಂ ತಯಾರಿಸಿದ್ದೆ. ಮಕ್ಕಳ ಹೆಸರು ಬರೆದರೆ ಮಮತೆ ನುಸುಳುತ್ತದೆ ಎಂದು ಅವಕ್ಕೆ ನಂಬರು ಕೊಟ್ಟೆ. ಒಂದೊಂದು ನಂಬರಿನ ಮುಂದೆ ಕಾಲಮ್ಮುಗಳು: ಹಾಡಿನ ಕಡೆ ತಲೆ ತಿರುಗಿಸುತ್ತದೆಯೇ, ಚಪ್ಪಾಳೆ ತಟ್ಟುತ್ತದೆಯೇ, ಮೈ ತೂಗುತ್ತದೆಯೇ, ಹೊಸ ಮಾತು ಆಡಿದ್ದನ್ನು ತಾಯಿ ಕಂಡಿದ್ದಾಳೆಯೇ. ಎಲ್ಲಕ್ಕೂ ಹೌದು ಅಥವಾ ಇಲ್ಲ. ಶಾಲೆಯ ಡ್ರಿಲ್ ಮಾಸ್ತರರಿಂದ ಸ್ಟಾಪ್‌ವಾಚನ್ನೂ ಎರವಲು ತಂದಿದ್ದೆ.

ನನ್ನ ನಂಬರುಗಳನ್ನು ಎಲ್ಲರಿಗಿಂತ ಮೊದಲು ಕಲಿತವಳು ಅಲ್ಲಿನ ಆಯಾ. ಮದ್ದಿಕೇರದ ಕಡೆಯ ಹೆಂಗಸು. ಅರ್ಧ ಕನ್ನಡ, ಅರ್ಧ ತೆಲುಗು, ನಗು ಪೂರ್ತಿ. "ಸಾರೂ, ಇಕ್ಕಡ ಚೂಡಂಡಿ, ಇಲ್ಲಿ ನೋಡ್ರಿ, ನಿಮ್ಮ ಏಳನೇ ನಂಬರು ಉಚ್ಚಿ ಹೊಯ್ಕಂಡೈತಿ. ಅದಕ್ಕೊಂದು ಕಾಲಮ್ಮು ಐತೇನು?"

ಕ್ಲಾಸಿನ ಕ್ರಮ ದಿನವೂ ಒಂದೇ. ಜಮಖಾನೆ ಹಾಸಿ ಮಕ್ಕಳನ್ನು ಸುತ್ತ ಕೂರಿಸುವುದು, ಕೂರಲಾರದವನ್ನು ದಿಂಬಿಗೆ ಒರಗಿಸುವುದು. ಟೀಚರಮ್ಮ ಒಂದೊಂದು ಮಗುವಿನ ಹೆಸರನ್ನೂ ಒಂದೇ ರಾಗದಲ್ಲಿ ಕರೆಯುತ್ತಿದ್ದರು. ಆಮೇಲೆ ಬಾಯಿ ಬಿಗಿದ ತಗಡಿನ ಡಬ್ಬಿಗಳಲ್ಲಿ ಹರಳು ಅಲುಗಾಡಿಸುವುದು. ಅದಾದ ಮೇಲೆ ಅವರೇ ಕಟ್ಟಿದ ಒಂದು ಆಟದ ಹಾಡು: "ಬಂಡಿ ಬಂತು, ಬಂಡಿ ಬಂತು, ಹತ್ತಿ ಬಂಡಿ..." ಎಂದು ಚಪ್ಪಾಳೆ ತಟ್ಟುತ್ತಾ ಬಂದು, ಕೊನೆಯ ಮಾತಿಗೆ ಮುಂಚೆ ಕೈ ಗಾಳಿಯಲ್ಲಿ ನಿಲ್ಲಿಸಿ ಸುಮ್ಮನಾಗಿಬಿಡುತ್ತಿದ್ದರು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಮೌನ. ಆಮೇಲೆ "ಬಂತು!"

ಎರಡನೇ ವಾರದಲ್ಲಿ ನಾನು ಗಮನಿಸಿದ್ದು ಆ ಮೌನವನ್ನು. ಹಾಡುವಾಗ ಎಲ್ಲ ಮಕ್ಕಳೂ ಏನಾದರೊಂದು ಮಾಡುತ್ತಿದ್ದವು. ಹಾಡು ನಿಂತಾಗ ಮಾತ್ರ ಅವು ಬೇರೆ ಬೇರೆ ಆಗುತ್ತಿದ್ದವು. ಕೆಲವು ತಟ್ಟುತ್ತಲೇ ಇರುತ್ತಿದ್ದವು. ಕೆಲವು ಅಳುತ್ತಿದ್ದವು. ಕೆಲವು ಮಾತ್ರ ಕೈ ತಡೆದು, ಟೀಚರಮ್ಮನ ಬಾಯನ್ನೇ ದಿಟ್ಟಿಸಿ ಕಾಯುತ್ತಿದ್ದವು. ಹನ್ನೊಂದು ತಿಂಗಳ ಕೂಸು ಮುಂದೆ ಬರಲಿರುವುದಕ್ಕೆ ಉಸಿರು ಹಿಡಿದು ಕಾಯುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಫಾರಮ್ಮಿನಲ್ಲಿ ಒಂದು ಹೊಸ ಕಾಲಮ್ ಗೀಚಿದೆ: ಕಾಯುತ್ತದೆಯೇ?

ಏಳನೇ ನಂಬರು ಕಾಯುತ್ತಿರಲಿಲ್ಲ. ಹದಿನೈದು ತಿಂಗಳ ಗುಂಡು ಹುಡುಗ. ಹಾಡಿದರೆ ಬೆನ್ನು ತಿರುಗಿಸುತ್ತಿದ್ದ, ನಿಲ್ಲಿಸಿದರೆ ಪಕ್ಕದ ಮಗುವಿನ ಕೂದಲು ಹಿಡಿಯುತ್ತಿದ್ದ.

ಆರು ವಾರ ಕಳೆದಾಗ ಕಾಲಮ್ಮುಗಳಲ್ಲಿ ಹೌದುಗಳು ಹೆಚ್ಚಿದ್ದವು. ಟೀಚರಮ್ಮನ ಮುಖ ಅರಳಿತು. ನಾನು ಅದಕ್ಕೆ ತಣ್ಣೀರು ಎರಚಿದೆ. ಆರು ವಾರದಲ್ಲಿ ಯಾವ ಕೂಸಾದರೂ ಬೆಳೆಯುತ್ತದೆ. ಅದು ಹಾಡಿನಿಂದ ಆದದ್ದೋ ವಯಸ್ಸಿನಿಂದ ಆದದ್ದೋ ಹೇಳುವುದು ಹೇಗೆ? ಹಾಡಿನ ಕ್ಲಾಸಿಲ್ಲದ ಮಕ್ಕಳ ಜೊತೆ ಹೋಲಿಸಿದರೆ ಮಾತ್ರ ಗೊತ್ತಾಗುತ್ತದೆ ಎಂದೆ. ಅದಕ್ಕೆ ಹತ್ತಿರದ ಪೆದ್ದಕಡುಬೂರು ಎಂಬ ಹಳ್ಳಿಯನ್ನು ಆರಿಸಿದೆ. ಕೂಲಿಯ ಕುಟುಂಬಗಳು, ಅದೇ ವಯಸ್ಸಿನ ಮಕ್ಕಳು, ದಿನವೂ ಬಸ್ಸು.

ಮೊದಲು ಒಬ್ಬನೇ ಹೋಗಿ ಅಲ್ಲಿನ ಚಹಾದ ಹೋಟೆಲಿನಲ್ಲಿ ವಿಚಾರಿಸಿದೆ. ಮಧ್ಯಾಹ್ನದ ಹೊತ್ತು, ಬೆಂಚಿನ ಮೇಲೆ ನಾಲ್ಕೈದು ಗಂಡಸರು.

"ಈ ಊರಾಗ ಹಾಡು, ಸಂಗೀತ ಏನಾರ ನಡೀತೈತೇನ್ರಿ?"

"ಏನೂ ಇಲ್ರಿ. ಪಂಚಾಯ್ತಿದು ಒಂದು ರೇಡಿಯೋ ಐತಿ. ಅದೂ ಬಾಯಿ ಮುಚ್ಕಂಡು ವರ್ಷ ಆತು."

ಇದಕ್ಕಿಂತ ಒಳ್ಳೆಯ ಊರು ಸಿಗಲಾರದು ಎನ್ನಿಸಿತು. 'ಸಂಗೀತ: ಇಲ್ಲ' ಎಂದು ಬರೆದು, ಕೆಳಗೆ ಗೆರೆ ಎಳೆದೆ.

ಎರಡೂ ಕಡೆ ಹಾಡು ಒಂದೇ ರೀತಿ ಇರಲೆಂದು ಟೀಚರಮ್ಮನ ಹಾಡನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದೆ. ಅದನ್ನು ಮೊದಲು ಆದೋನಿಯ ಮಕ್ಕಳ ಮೇಲೆಯೇ ಪ್ರಯೋಗಿಸಿದೆ. ಹಾಡು ಶುರುವಾದದ್ದೇ ತಡ, ಅಂಬೆಗಾಲಿಡುವವೆಲ್ಲ ಪೆಟ್ಟಿಗೆಯನ್ನು ಮುತ್ತಿದವು. ಏಳನೇ ನಂಬರು ಅದರ ಜಾಲರಿಯನ್ನು ನೆಕ್ಕಿದ. ಇನ್ನೊಂದು ಪೆಟ್ಟಿಗೆಯ ಹಿಂದೆ ಹೋಗಿ ಇಣುಕಿತು.

"ಒಳಗ ಯಾರೋ ಕುಂತಾರ ಅಂತ ಹುಡುಕ್ತೈತ್ರಿ, ಸಾರೂ" ಎಂದು ಆಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹಾಡು ನಿಂತಾಗ ಒಂದೂ ಕಾಯಲಿಲ್ಲ. ಕಾಯಲು ಬರುತ್ತಿದ್ದವೂ ಕಾಯಲಿಲ್ಲ. ಟೀಚರಮ್ಮ ಹೇಳಿದರು: "ಕಿವಿಗೆ ಹಾಡು ಬಿತ್ತು ಖರೆ. ನಿಂತಾಗ ನೋಡಲಿಕ್ಕೆ ಒಂದು ಮುಖ ಬೇಕಲ್ಲಪ್ಪಾ. ಪೆಟ್ಟಿಗಿಗೆ ಮುಖ ಎಲ್ಲದ?"

ಹೀಗಾಗಿ ಅವರನ್ನೇ ಪೆದ್ದಕಡುಬೂರಿಗೆ ಕರೆದೊಯ್ಯಬೇಕಾಯಿತು. ಭಾವನವರಿಗೆ ಏನು ಹೇಳಿದರೋ ಗೊತ್ತಿಲ್ಲ, ಕೈಯಲ್ಲಿ ಒಂದು ತಂಬಿಗೆ ನೀರು ಹಿಡಿದು ಬಸ್ಸು ಹತ್ತಿದರು. ಬಾಲವಾಡಿಯ ಅಂಗಳದಲ್ಲಿ ಹನ್ನೆರಡು ಮಕ್ಕಳನ್ನು ಕೂರಿಸಿ, ಹೆಸರು ಕರೆದು, ಡಬ್ಬಿ ಅಲುಗಾಡಿಸಿ, ಬಂಡಿಯ ಹಾಡಿಗೆ ಬಂದರು. ಕೈ ಗಾಳಿಯಲ್ಲಿ ನಿಂತಿತು. ಹಾಡು ನಿಂತಿತು.

ಮಕ್ಕಳೂ ನಿಂತವು. ಒಂದೆರಡು ಬಿಟ್ಟು ಎಲ್ಲವೂ. ಎಂದೂ ಕೇಳದ ಹಾಡು, ಎಂದೂ ಕಾಣದ ಹೆಂಗಸು. ಆದರೂ ಆ ಪುಟ್ಟ ಮೈಗಳು ಸ್ತಬ್ಧವಾಗಿ, ಕಣ್ಣು ಅರಳಿಸಿ, ಮುಂದಿನದಕ್ಕೆ ಕಾದವು. "ಬಂತು!" ಎಂದಾಗ ಕಿಲಕಿಲ ಎಂದವು. ಆರು ವಾರ ಕಲಿತ ನಮ್ಮ ಮಕ್ಕಳಿಗಿಂತ ಅವು ಎಷ್ಟೋ ಮುಂದಿದ್ದವು.

ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಸಂಗೀತವೇ ಇಲ್ಲದ ಊರಿನ ಮಕ್ಕಳು ಸಂಗೀತದ ಕ್ಲಾಸಿನ ಮಕ್ಕಳನ್ನು ಸೋಲಿಸಿದ್ದವು. ವರದಿಯ ಮೊದಲ ಸಾಲು ಬಸ್ಸಿನ ಕುಲುಕಾಟದಲ್ಲೇ ತಯಾರಾಯಿತು. ಇಳಿದವನೇ ಮನೆಗೆ ಹೋಗದೆ ನೇರವಾಗಿ ಅಧ್ಯಕ್ಷರ ಮನೆಗೆ ನಡೆದೆ. ಕ್ಲಾಸಿನಿಂದ ಉಪಯೋಗವಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿಯೇ ಬಿಟ್ಟೆ. ಅವರು ನನ್ನ ಬೆನ್ನು ತಟ್ಟಿದರು. ಬರಹದ ವರದಿ ಮುಂದಿನ ವಾರ ಬರಲಿ ಎಂದರು.

ಎರಡು ದಿನ ಬಿಟ್ಟು ಹೋದಾಗ ಟೀಚರಮ್ಮ ಜಮಖಾನೆ ಮಡಚುತ್ತಿದ್ದರು.

"ಬರೋ ತಿಂಗಳು ಒಂದನೇ ತಾರೀಖಿನಿಂದ ಬರೋದು ಬ್ಯಾಡ ಅಂತ ಹೇಳಿ ಕಳಿಸ್ಯಾರ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮ ಭಾವನವರಿಗೆ ಹೇಳಿದೆ. ಆವತ್ತು ಪಾಯಸ ಮಾಡಿಸ್ತಾರಂತ. ನೀವೂ ಬರ್ರಿ ಊಟಕ್ಕ."

ನಾನು ಜಮಖಾನೆಯ ಇನ್ನೊಂದು ತುದಿ ಹಿಡಿದೆ. ಅವರೇ ಮುಂದುವರಿಸಿದರು.

"ಒಂದು ಮಾತು. ಆ ಊರಿನ ಕೂಸುಗಳಿಗೆ ಯಾರೋ ಕಲಿಸ್ಯಾರ. ಅಷ್ಟು ಚಂದ ಕಾಯೋದು ತಾನಾಗೇ ಬರಂಗಿಲ್ಲ. ನಮ್ಮವು ಹೆಂಗ ತೂಗ್ತಾವ? ಅತ್ತ, ಇತ್ತ. ತೊಟ್ಲದ ಹಂಗ. ಅಲ್ಲಿವು ಹಿಂದ, ಮುಂದ ತೂಗಿದ್ವು. ಹನ್ನೆರಡಕ್ಕ ಹನ್ನೆರಡೂ. ನೀವು ನೋಡ್ಲಿಲ್ಲೇನು?"

ನಾನು ನೋಟ್‌ಬುಕ್ ತೆರೆದೆ. 'ಮೈ ತೂಗುತ್ತದೆಯೇ: ಹೌದು' ಎಂದು ಹನ್ನೆರಡು ಸಲ ಬರೆದಿದ್ದೆ. ಯಾವ ಕಡೆಗೆ ಎಂದು ಕೇಳುವ ಕಾಲಮ್ ನನ್ನ ಫಾರಮ್ಮಿನಲ್ಲಿರಲಿಲ್ಲ.

ಇಲ್ಲಿ ಒಂದು ತೊಡಕಿದೆ. ಟೀಚರಮ್ಮ ಈ ಮಾತನ್ನು ಜಮಖಾನೆ ಮಡಚುವಾಗ ಹೇಳಿದರೆಂದು ಈಗ ಬರೆದೆ. ಆದರೆ ಇದನ್ನು ನೆನೆಸಿಕೊಂಡಾಗಲೆಲ್ಲ ಕಿಟಕಿಯ ಪಕ್ಕ ಕೂತ ಅವರ ಮುಖ, ಹೊರಗೆ ಓಡುವ ಬಯಲು, ತಂಬಿಗೆಯಲ್ಲಿ ತುಳುಕುವ ನೀರು ಕಣ್ಣ ಮುಂದೆ ಬರುತ್ತವೆ. ಅಂದರೆ ಬಸ್ಸಿನಲ್ಲೇ ಹೇಳಿದ್ದರೇ? ಹಾಗಾದರೆ, ಕೇಳಿಯೂ ಕೇಳದವನಂತೆ ನಾನು ಅಧ್ಯಕ್ಷರ ಮನೆಗೆ ಹೋಗಿದ್ದೆನೆಂದು ಅರ್ಥ. ಜಮಖಾನೆಯ ನೆನಪು ನನಗೆ ಅನುಕೂಲವಾದದ್ದು, ಅದಕ್ಕೇ ಅದರ ಮೇಲೆ ನನಗೆ ಅನುಮಾನ.

ಮರುದಿನ ಸಂಜೆಯ ಬಸ್ಸಿಗೆ ಮತ್ತೆ ಪೆದ್ದಕಡುಬೂರಿಗೆ ಹೋದೆ. ಶಾಲೆಯ ಪಡಸಾಲೆಯಲ್ಲಿ ಮಲಗಲು ಮಾಸ್ತರರು ಚಾಪೆ ಕೊಟ್ಟರು. ಏನು ಹುಡುಕುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ.

ಕೋಳಿ ಕೂಗುವ ಹೊತ್ತಿಗೆ ಎಚ್ಚರವಾಯಿತು. ಎದುರು ಮನೆಯಿಂದ ಗರಗರ ಸದ್ದು, ಅದರ ಮೇಲೆ ಒಂದು ಹೆಣ್ಣು ದನಿ. ಅದರಾಚೆಯ ಮನೆಯಿಂದ ಇನ್ನೊಂದು. ಓಣಿಯ ತುದಿಯವರೆಗೆ ನಡೆದು ಹೋದೆ. ಮನೆ ಮನೆಯಲ್ಲೂ ಬೀಸುಕಲ್ಲು ತಿರುಗುತ್ತಿತ್ತು, ಮನೆ ಮನೆಯಲ್ಲೂ ಹಾಡು. ಸಂಗೀತವಿಲ್ಲದ ಊರು ಎಂದು ನಾನು ಗೆರೆ ಎಳೆದಿದ್ದ ಊರು ಅದು.

ಒಂದು ಬಾಗಿಲು ತೆರೆದಿತ್ತು. ಬುಡ್ಡಿಯ ಬೆಳಕಿನಲ್ಲಿ ಅಜ್ಜಿಯೊಬ್ಬಳು ಜೋಳ ಬೀಸುತ್ತಿದ್ದಳು. ಅವಳ ತೊಡೆಯ ಮೇಲೆ, ಎದೆಗೆ ಒರಗಿ, ಕಣ್ಣು ಪೂರ್ತಿ ತೆರೆಯದ ಒಂದು ಮೊಮ್ಮಗು. ನಮ್ಮ ಪರೀಕ್ಷೆಗೆ ಬಂದಿದ್ದ ಹನ್ನೆರಡರಲ್ಲಿ ಅದೂ ಒಂದು. ಗೂಟ ಹಿಡಿದು ಕಲ್ಲು ತಿರುಗಿಸುವಾಗ ಅಜ್ಜಿಯ ಮೈ ಮುಂದೆ ಬಾಗುತ್ತಿತ್ತು, ಹಿಂದೆ ಬರುತ್ತಿತ್ತು. ಮಗುವೂ ಅದರೊಂದಿಗೆ ಮುಂದೆ, ಹಿಂದೆ. ಹಾಡಿನ ಒಂದು ಸಾಲು ಮುಗಿದಾಗ ಕಲ್ಲು ನಿಲ್ಲುತ್ತಿತ್ತು. ಅಜ್ಜಿ ಮೊರದಿಂದ ಒಂದು ಹಿಡಿ ಜೋಳ ತೆಗೆದು ಕಲ್ಲಿನ ಬಾಯಿಗೆ ಹಾಕುತ್ತಿದ್ದಳು. ಆಗ ಹಾಡೂ ಇಲ್ಲ, ಸದ್ದೂ ಇಲ್ಲ. ಮಗು ತಲೆ ಎತ್ತಿ ಅಜ್ಜಿಯ ಮುಖ ನೋಡುತ್ತಿತ್ತು. ಕಾಯುತ್ತಿತ್ತು. ಮತ್ತೆ ಕಲ್ಲು ತಿರುಗುತ್ತಿತ್ತು, ಮುಂದಿನ ಸಾಲು ಬರುತ್ತಿತ್ತು.

ಎಷ್ಟು ಹೊತ್ತು ಬಾಗಿಲಲ್ಲಿ ನಿಂತೆನೋ. ಆ ಅಜ್ಜಿಯ ಮುಖ ನೆನಪಿಸಿಕೊಳ್ಳಲು ಹೋದರೆ ಈಗ ನನ್ನ ಸೋದರತ್ತೆಯ ಮುಖ ಬರುತ್ತದೆ. ಅದನ್ನು ಓದುವವರು ಲೆಕ್ಕಕ್ಕೆ ಹಿಡಿಯಬಾರದು. ಅವಳ ಮಾತು ಮಾತ್ರ ಅಲ್ಲೇ ನಿಂತು ಬರೆದುಕೊಂಡಿದ್ದೇನೆ.

"ಅವ್ವಾ, ಈ ಊರಾಗ ಹಾಡೋರ ಇಲ್ಲ ಅಂದ್ರಲ್ಲ?"

"ಯಾರಪ್ಪಾ ಅಂದೋರು?"

"ಹೋಟೆಲಿನ್ಯಾಗ ಕುಂತೋರು."

"ಅವರು ಏಳೋದ್ರಾಗ ಹಿಟ್ಟು ರೊಟ್ಟಿ ಆಗಿರ್ತೈತಿ. ಅವರಿಗೇನು ಗೊತ್ತು?"

"ಹಿಟ್ಟಿನ ಗಿರಣಿ ಇಲ್ಲೇನು ಇಲ್ಲಿ?"

"ಐತಪ್ಪಾ. ಕರೆಂಟು ಬಂದ ದಿನ ಗಿರಣಿಯಾಂವ ಇರಂಗಿಲ್ಲ, ಅಂವ ಇದ್ದ ದಿನ ಕರೆಂಟು ಇರಂಗಿಲ್ಲ. ಹೊಟ್ಟಿ ಕೇಳ್ತೈತೇನು?" ಎಂದು ಇನ್ನೊಂದು ಹಿಡಿ ಹಾಕಿದಳು. "ಇದಕ್ಕೂ ರೂಢಿ ಆಗೈತಿ. ಕಲ್ಲಿನ ಮುಂದ ಕುಂದ್ರಲಿಲ್ಲ ಅಂದ್ರ ದಿನಾ ಪೂರ ಪಿರಿಪಿರಿ ಮಾಡ್ತೈತಿ."

ಮುಂಜಾನೆಯ ಬಸ್ಸಿನಲ್ಲಿ ನನ್ನ ಹೋಲಿಕೆ ಪುಡಿಪುಡಿಯಾಗಿ ಬಿದ್ದಿತ್ತು. ಸಂಗೀತ ಇರುವ ಮಕ್ಕಳನ್ನು ಇಲ್ಲದ ಮಕ್ಕಳೊಂದಿಗೆ ನಾನು ಹೋಲಿಸಿರಲಿಲ್ಲ. ಹುಟ್ಟಿದಾಗಿನಿಂದ ದಿನವೂ ತೊಡೆಯ ಮೇಲೆ ಕೂತು, ಮೈಯಿಂದ ಮೈಗೆ ತಾಳ ಹತ್ತಿಸಿಕೊಂಡ ಮಕ್ಕಳನ್ನು, ಆರು ವಾರ ಜಮಖಾನೆಯ ಮೇಲೆ ದೂರ ಕೂತು ಕೇಳಿದ ಮಕ್ಕಳೊಂದಿಗೆ ಹೋಲಿಸಿದ್ದೆ. ಆದೋನಿಯಲ್ಲಿ ಹಿಟ್ಟು ಗಿರಣಿಯಿಂದ ಬರುತ್ತಿತ್ತು. ಕಲ್ಲು ಹೋದಾಗ ಅದರ ಹಾಡೂ ಹೋಗಿತ್ತು. ಜಿನ್ನಿನ ತಾಯಂದಿರ ಮಕ್ಕಳಿಗೆ ಉಳಿದಿದ್ದು ಟೀಚರಮ್ಮನ ಅರ್ಧ ತಾಸು ಮಾತ್ರ. ಅದನ್ನೇ ನಾನು ಮುಚ್ಚಿಸಿ ಬಂದಿದ್ದೆ.

ಮತ್ತೆ ಬಸ್‌ಸ್ಟ್ಯಾಂಡಿನಿಂದ ನೇರ ಅಧ್ಯಕ್ಷರ ಮನೆಗೆ. ಈ ಸಲ ಕಾಲುಗಳು ನಿಧಾನವಾಗಿ ನಡೆದವು. ಅವರು ಪಡಸಾಲೆಯಲ್ಲಿ ಹೊಸ ಪಲಕಗಳ ಕಟ್ಟು ಬಿಚ್ಚುತ್ತಿದ್ದರು.

"ನಾನು ಹೇಳಿದ್ದು ತಪ್ಪಾಗೈತಿ, ಸರ್" ಎಂದು ಎಲ್ಲವನ್ನೂ ವಿವರಿಸಿದೆ.

"ಹೋದ ವಾರ ಸೈನ್ಸು ಒಂದು ಹೇಳ್ತಿತ್ತು, ಈ ವಾರ ಇನ್ನೊಂದು ಹೇಳ್ತೈತಿ. ಮುಂದಿನ ವಾರ ಏನು ಹೇಳ್ತೈತ್ರಿ?"

"ಗೊತ್ತಿಲ್ಲ ಸರ್. ಅದಕ್ಕ ಎರಡು ವಾರ ಕೊಡ್ರಿ. ಕ್ಲಾಸನ್ನ ಬ್ಯಾರೆ ರೀತಿ ಮಾಡಿ ನೋಡ್ತೀವಿ."

ಅವರು ಪಲಕವೊಂದನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದರು. "ಒಂದನೇ ತಾರೀಖಿಗೆ ನಾನೇ ಬರ್ತೀನಿ. ಈ ಕಣ್ಣಿಗೆ ಕಂಡ್ರ ಕಂಡಂಗ. ಇಲ್ಲ ಅಂದ್ರ ಆವತ್ತೇ ಪಲಕ ಹಂಚೋದು."

ಟೀಚರಮ್ಮನ ಜೊತೆ ಕೂತು ಕ್ಲಾಸನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಮುಖ್ಯ ತೀರ್ಮಾನ ಒಂದೇ: ಕೂಸು ಜಮಖಾನೆಯ ಮೇಲಲ್ಲ, ತಾಯಿಯ ತೊಡೆಯ ಮೇಲಿರಬೇಕು. ಬೆಳಿಗ್ಗೆ ಹನ್ನೊಂದಕ್ಕೆ ತಾಯಂದಿರು ಹಾಲೂಡಿಸಲು ಬರುವ ಬಿಡುವಿಗೇ ಕ್ಲಾಸನ್ನು ಬದಲಿಸಿದೆವು. ಟೀಚರಮ್ಮ ತಮ್ಮ ಹಾಡನ್ನು ಬದಿಗಿಟ್ಟು ತಾಯಂದಿರ ಹಾಡಿಗೇ ಕಿವಿ ಕೊಟ್ಟು ಕೂತರು. ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ.

"ನಮಗ ಹಾಡು ಬರಂಗಿಲ್ರಿ, ಟೀಚರಮ್ಮಾ" ಎಂದಳು ಏಳನೇ ನಂಬರಿನ ತಾಯಿ. ತಲೆಯ ತುಂಬ ಹತ್ತಿಯ ನವಿರು ಅಂಟಿದ್ದ ಹುಡುಗಿಯಂಥ ಹೆಂಗಸು.

"ಬೀಸೋ ಹಾಡು?"

"ಅದು ನಮ್ಮವ್ವಗ ಬರ್ತಿತ್ತು."

ಆಗ ಹಿಂದಿನಿಂದ ಆಯಾ ಶುರು ಮಾಡಿದಳು. ಗಂಜಿಯ ಪಾತ್ರೆ ತೊಳೆಯುತ್ತಿದ್ದವಳು ಕೈ ಸೆರಗಿಗೆ ಒರೆಸಿ, ಮದ್ದಿಕೇರದ ತನ್ನ ಅವ್ವನ ಕಲ್ಲಿನ ಹಾಡನ್ನು ಒರಟು ದನಿಯಲ್ಲಿ ಎತ್ತಿದಳು. ಕೂಸಿನ ಸೋದರಮಾವ ಬರುವುದು, ಅವನು ತರುವ ಕುಲಾವಿ ಟೋಪಿ, ಅದರ ಬಣ್ಣ, ಹೀಗೇ ಬೆಳೆಯುವ ಹಾಡು. ಮೂರನೇ ಸಾಲಿಗೆ ಇಬ್ಬರು ಸೇರಿದರು. ಐದನೇ ಸಾಲಿಗೆ, ಹಾಡು ಬರುವುದಿಲ್ಲ ಎಂದವಳೇ ಆಯಾಗೆ ಎದುರಾಡಿದಳು: "ಹಂಗಲ್ಲಕ್ಕಾ, ನಮ್ಮ ಕಡಿ ಕುಲಾವಿ ಕೆಂಪು."

ಬೀಸುಕಲ್ಲಿನ ಬದಲು ಡಬ್ಬಿ ಇಟ್ಟೆವು. ಸಾಲಿನ ಕೊನೆಗೆ ಒಂದು ಹಿಡಿ ಹಾಕಲು ಜಿನ್ನಿನಿಂದ ಹತ್ತಿಕಾಳು ತಂದೆ. ಈ ಉಪಾಯ ನನ್ನದು, ಅದಕ್ಕೆ ಬಹಳ ಹೆಮ್ಮೆಪಟ್ಟಿದ್ದೆ. ಎರಡನೇ ದಿನವೇ ಏಳನೇ ನಂಬರು ಒಂದು ಕಾಳನ್ನು ಮೂಗಿಗೆ ಸೇರಿಸಿಕೊಂಡ. ಎಲ್ಲರೂ ಎದ್ದು ಕಿರುಚಿದರು. ಆಯಾ ಅವನ ಇನ್ನೊಂದು ಹೊಳ್ಳೆ ಮುಚ್ಚಿ, ಮೂಗಿನೆದುರು ಒಂದು ಚಿಟಿಕೆ ನಶ್ಯ ಹಿಡಿದಳು. ಅವನು ಸೀನಿದ, ಕಾಳು ನನ್ನ ನೋಟ್‌ಬುಕ್ಕಿನ ಮೇಲೆ ಬಿತ್ತು.

"ಬರ್ಕೊಳ್ರಿ, ಸಾರೂ. ಮೂಗಿಂದ ಕಾಳು: ಹೌದು" ಎಂದಳು.

ಅಂದಿನಿಂದ ಕಾಳಿನ ಬದಲು ದೊಡ್ಡ ಬಟ್ಟೆ ಉಂಡೆಗಳು.

ಎರಡು ವಾರದಲ್ಲಿ ಪವಾಡವೇನೂ ನಡೆಯಲಿಲ್ಲ. ಆದರೆ ಫಾರಂ ಬದಿಗಿಟ್ಟು ಸುಮ್ಮನೆ ನೋಡಿದಾಗ ಕೆಲವು ಸಂಗತಿಗಳು ಕಂಡವು. ತಾಯಿ ಬಿಟ್ಟು ಹೋಗುವಾಗಿನ ಅಳು ಬೇಗ ಅಡಗುತ್ತಿತ್ತು. ಉಂಡೆಗಾಗಿ ಕಿತ್ತಾಡುತ್ತಿದ್ದ ಮಕ್ಕಳು ತಮ್ಮ ಸರದಿ ಬರಲೆಂದು ಕೈ ಚಾಚಿ ಕೂರುತ್ತಿದ್ದವು. ಒಂದಿಬ್ಬರು ಸಾಲಿನ ಕೊನೆಯ ಅಕ್ಷರವನ್ನು ಎಳೆಯುತ್ತಿದ್ದರು. ತಾಯಂದಿರು ಅದನ್ನೇ ಮಾತೆಂದು ತಿಳಿದು ಉತ್ತರ ಕೊಡುತ್ತಿದ್ದರು, ಅದರಿಂದ ಇನ್ನೊಂದು ಮಾತು ಹುಟ್ಟುತ್ತಿತ್ತು. ಏಳನೇ ನಂಬರಿನ ತಾಯಿ ಒಂದು ಬೆಳಿಗ್ಗೆ ಬಂದು ಹೇಳಿದಳು: "ನಿನ್ನಿ ನಾನು ಪಾತ್ರಿ ತಿಕ್ಕುವಾಗ ಬಂದು ತೊಡಿ ಮ್ಯಾಲ ಕುಂತಾನ್ರಿ. ಹಿಂದ ಮುಂದ ತೂಗಿ, ಹಾಡು ಅಂತ ನನ್ನ ಗದ್ದ ಹಿಡಿದು ಎಳದಾನ."

ಒಂದನೇ ತಾರೀಖು ಅಧ್ಯಕ್ಷರು ಬಂದರು. ಜೊತೆಗೆ ಪಲಕಗಳ ಕಟ್ಟು. ಅದನ್ನು ಬಾಗಿಲ ಬಳಿ ಇಡಿಸಿ, ಕುರ್ಚಿ ಬೇಡವೆಂದು ತಾಯಂದಿರ ಸಾಲಿನ ಕೊನೆಯಲ್ಲಿ ಗೋಡೆಗೊರಗಿ ಕೂತರು. ಟೀಚರಮ್ಮ ಅವತ್ತು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ತಂಬಿಗೆಯ ನೀರನ್ನು ಮೂರು ಸಲ ಕುಡಿದದ್ದು ನನಗೆ ಕಂಡಿತು.

ಹಾಡು ಶುರುವಾಯಿತು. ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಅಧ್ಯಕ್ಷರ ಮುಖದಲ್ಲಿ ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆ ಮಾಡುವವರ ಗಾಂಭೀರ್ಯ. ನಾಲ್ಕನೆಯ ಸಾಲಿನ ನಡುವೆ ಸೈರನ್ ಕೂಗಿತು, ಹತ್ತು ನಿಮಿಷ ಮೊದಲೇ. ಒಳಗೆ ಬಂಡಿಗಳು ಬಂದು ನಿಂತಿದ್ದವಂತೆ. ತಾಯಂದಿರು ದಡಬಡ ಎದ್ದರು. ಏಳನೇ ನಂಬರಿನ ತಾಯಿ ಅತ್ತಿತ್ತ ನೋಡಿ, ಹತ್ತಿರ ಸಿಕ್ಕ ತೊಡೆಯ ಮೇಲೆ ಮಗನನ್ನು ಕೂರಿಸಿ ಓಡಿದಳು. ಅದು ಅಧ್ಯಕ್ಷರ ತೊಡೆ.

ಹಾಡು ಅರ್ಧಕ್ಕೆ ನಿಂತಿತ್ತು. ಅವನು ಅಳಲಿಲ್ಲ. ಹಿಂದೆ ಮುಂದೆ ಎರಡು ಸಲ ತೂಗಿ, ತಲೆ ಎತ್ತಿ ಅಧ್ಯಕ್ಷರ ಬಾಯಿ ನೋಡಿದ. ಕಾದ. ಏನೂ ಬರಲಿಲ್ಲ. ಅಂಗೈಯಿಂದ ಅವರ ಎದೆಗೆ ಒಂದೇಟು ಕೊಟ್ಟ.

"ಏನ್ ಬೇಕಂತಿದಕ್ಕ?" ಎಂದರು ಅಧ್ಯಕ್ಷರು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ.

"ಮುಂದಿನ ಸಾಲು ಬೇಕಂತ" ಎಂದರು ಟೀಚರಮ್ಮ.

"ನನಗ ಹಾಡು ಬರಂಗಿಲ್ಲಮ್ಮಾ!"

"ಬಂದದ್ದು ಅನ್ರಿ. ಅವಗ ಅದ ಸಾಕು."

ಇನ್ನೊಂದೇಟು ಬಿತ್ತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ನಲವತ್ತು ವರ್ಷ ಶಾಲೆಯಲ್ಲಿ ಹೇಳಿಸಿದ ರಾಗ ತಾನಾಗಿ ಬಂತು:

"ಎರಡ ಒಂದ್ಲೆ ಎರಡು..."

ಮಕ್ಕಳು ಹಿಂದೆ ಹೇಳಲೆಂದು ಮಾಸ್ತರರು ಬಿಡುವ ಬಿಡುವನ್ನು ಅವರು ಅಭ್ಯಾಸಬಲದಿಂದ ಬಿಟ್ಟರು. ಅವನು ತೂಗುವುದನ್ನು ನಿಲ್ಲಿಸಿ, ಕಣ್ಣು ಅರಳಿಸಿ, ಕಾದ.

"ಎರಡ ಎರಡ್ಲೆ ನಾಕು..."

"ಊಂ" ಎಂದ ಏಳನೇ ನಂಬರು, ಬಿಡುವಿಗೆ ಸರಿಯಾಗಿ.

ಅಧ್ಯಕ್ಷರು ಬೆಚ್ಚಿ ನಮ್ಮನ್ನು ನೋಡಿದರು. "ಎರಡ ಮೂರ್ಲೆ ಆರು." "ಊಂ." ಈಗ ಅವರೂ ತಮಗರಿವಿಲ್ಲದೆಯೇ ಹಿಂದೆ ಮುಂದೆ ತೂಗುತ್ತಿದ್ದರು. ಆಯಾ ಸೆರಗು ಬಾಯಿಗಿಟ್ಟುಕೊಂಡಳು. ಎರಡರ ಮಗ್ಗಿ ಇಪ್ಪತ್ತರವರೆಗೆ ನಡೆಯಿತು, ಎಲ್ಲೂ ತಪ್ಪದೆ, ಪ್ರತಿ ಬಿಡುವಿಗೂ ಒಂದು ಊಂ ಸೇರಿ.

ಮುಗಿದ ಮೇಲೆ ಅವರು ಕೂಸಿನಿಂದ ಕಣ್ಣು ಕೀಳದೆ ನನ್ನನ್ನು ಕೇಳಿದರು: "ವರದಿಯೊಳಗ ಏನು ಬರದೀರಿ?"

"ಎರಡು ಮಾತು, ಸರ್. ನಾನು ಮಾಡಿದ ಹೋಲಿಕೆ ಕೆಟ್ಟು ಹೋಗೈತಿ, ಅದರಿಂದ ಏನೂ ಸಿದ್ಧ ಆಗಿಲ್ಲ ಅನ್ನೋದು ಒಂದು. ಕ್ಲಾಸು ನಡೀಬೇಕು ಅನ್ನೋದು ಎರಡನೇದು."

"ಎರಡನೇದು ಮೊದಲು ಬರೀರಿ. ಸಹಿ ಮಾಡ್ತೀನಿ."

ಟೀಚರಮ್ಮ ಜಮಖಾನೆಯ ಮೂಲೆಯನ್ನು ನಯವಾಗಿ ಎಳೆದು ಸರಿಮಾಡಿದರು. "ಭಾವನವರ ಪಾಯಸ ನಿಂತಂಗಾತು" ಎಂದು ಆ ಮೇಲೆ ಮೆಲ್ಲಗೆ ಅಂದರು, ಯಾರಿಗೂ ಅಲ್ಲ.

ಏಳನೇ ನಂಬರು ಮತ್ತೆ ಅಧ್ಯಕ್ಷರ ಎದೆಗೆ ಬಡಿದ. ಅವರು ಬಾಗಿಲ ಕಡೆ, ಪಲಕಗಳ ಕಟ್ಟಿನ ಕಡೆ ಒಮ್ಮೆ ನೋಡಿ, ಕೂಸನ್ನು ತೊಡೆಯ ಮೇಲೆ ಇನ್ನಷ್ಟು ಸರಿಯಾಗಿ ಕೂರಿಸಿಕೊಂಡರು.

"ಮೂರ ಒಂದ್ಲೆ ಮೂರು..."